ಮಾರ್ತಿರೋಸ್ ಸಾರ್ಯಾನ್‌ನ ಭೂದೃಶ್ಯಗಳು ಮತ್ತು ಅರ್ಮೇನಿಯಾದ ಅಸ್ಮಿತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಾರ್ಯಾನ್‌ನ ಚಿತ್ರಗಳನ್ನು ಮೊದಲ ಬಾರಿಗೆ ನೋಡಿದವರು ಸಾಮಾನ್ಯವಾಗಿ ಬಣ್ಣದ ಬಗ್ಗೆ ಮಾತನಾಡುತ್ತಾರೆ. ಎರಡನೆಯ ಬಾರಿ ನೋಡಿದಾಗ ನಾಡಿನ ಬಗ್ಗೆ ಕೇಳುತ್ತಾರೆ. ಈ ಎರಡು ಬಗೆಯ ಪ್ರಶ್ನೆಗಳನ್ನೂ ಇಲ್ಲಿ ಒಟ್ಟಿಗೆ ತಂದು ಉತ್ತರಿಸಲಾಗಿದೆ. ಕ್ರಮವಾಗಿ ಓದಬೇಕೆಂದೇನೂ ಇಲ್ಲ, ಆದರೆ 1915ರ ಕುರಿತ ಪ್ರಶ್ನೆಯನ್ನು ಓದದೆ 1923ರ ಚಿತ್ರಗಳಿಗೆ ಹೋಗುವುದು ಸರಿಯಲ್ಲ.

ಸಾರ್ಯಾನ್ ಯಾರು?

ಮಾರ್ತಿರೋಸ್ ಸಾರ್ಯಾನ್ (1880–1972) ಅರ್ಮೇನಿಯಾದ ನವ್ಯ ಚಿತ್ರಕಲೆಗೆ ಬುನಾದಿ ಹಾಕಿದ ಕಲಾವಿದ. ಮಾಸ್ಕೋದಲ್ಲಿ ಕಲಿತು, ಅಲ್ಲಿನ ಹೊಸ ಪೀಳಿಗೆಯ ಚಿತ್ರಕಾರರ ನಡುವೆ ಹೆಸರು ಮಾಡಿ, 1921ರಲ್ಲಿ ಅರ್ಮೇನಿಯಾದ ರಾಜಧಾನಿ ಯೆರೆವಾನ್‌ಗೆ ಬಂದು ನೆಲೆಸಿದ ಆತ ಉಳಿದ ಐವತ್ತು ವರ್ಷಗಳ ಬಹುಭಾಗವನ್ನು ಅಲ್ಲಿಯೇ ಕಳೆದ. ಭಾವಚಿತ್ರಗಳು, ಹೂ-ಹಣ್ಣುಗಳ ಚಿತ್ರಗಳು, ರಂಗಸಜ್ಜಿಕೆ, ಪುಸ್ತಕಗಳ ಚಿತ್ರಗಳು ಎಲ್ಲವನ್ನೂ ಮಾಡಿದ್ದರೂ ಜನ ಆತನನ್ನು ನೆನೆಯುವುದು ಬೆಟ್ಟ, ಬಯಲು, ಬಿಸಿಲುಗಳ ಚಿತ್ರಕಾರನೆಂದೇ. 1999ರಲ್ಲಿ ಹೊರಬಂದ 20,000 ದ್ರಾಮ್‌ನ ನೋಟಿನ ಮೇಲೆ ಆತನ ಮುಖವಿತ್ತು.

ಅರ್ಮೇನಿಯಾದಲ್ಲಿ ಹುಟ್ಟದವನನ್ನು ಅರ್ಮೇನಿಯಾದ ಚಿತ್ರಕಾರ ಎನ್ನುವುದು ಹೇಗೆ?

ಈ ಪ್ರಶ್ನೆಯನ್ನು ಆಕ್ಷೇಪಣೆಯ ದನಿಯಲ್ಲಿ ಕೇಳುವವರೇ ಹೆಚ್ಚು. ನನ್ನ ಮಟ್ಟಿಗೆ, ಸಾರ್ಯಾನ್‌ನ ಕಲೆಯ ಬೀಗದ ಕೈ ಇರುವುದೇ ಇಲ್ಲಿ.

ಆತ ಹುಟ್ಟಿದ್ದು ದಕ್ಷಿಣ ರಷ್ಯಾದ ಡಾನ್ ನದಿಯ ದಂಡೆಯಲ್ಲಿದ್ದ ನಖಿಚೆವಾನ್ ಎಂಬ ಅರ್ಮೇನಿಯನ್ನರ ಊರಿನಲ್ಲಿ. ಇದೇ ಹೆಸರಿನ, ಇಂದು ಅಜರ್ಬೈಜಾನ್‌ಗೆ ಸೇರಿರುವ ಹಳೆಯ ಪಟ್ಟಣ ಬೇರೆ. ಇದು ಈಗ ರೊಸ್ತೋವ್ ನಗರದೊಳಗೆ ಕರಗಿಹೋಗಿರುವ ವಲಸಿಗರ ಊರು. ರಷ್ಯಾದ ರಾಣಿ ಎರಡನೆಯ ಕ್ಯಾಥರೀನ್ 1770ರ ದಶಕದ ಕೊನೆಯಲ್ಲಿ ಕ್ರೈಮಿಯಾದ ಅರ್ಮೇನಿಯನ್ನರನ್ನು ಅಲ್ಲಿಂದ ಎಬ್ಬಿಸಿ ಡಾನ್ ತೀರದಲ್ಲಿ ನೆಲೆಗೊಳಿಸಿದಳು. ಆ ಕ್ರೈಮಿಯಾದವರಾದರೋ ತಮ್ಮ ಮೂಲವನ್ನು ಮಧ್ಯಯುಗದ ರಾಜಧಾನಿಯಾಗಿದ್ದು ಆಮೇಲೆ ಪಾಳುಬಿದ್ದ ಆನಿ ನಗರಕ್ಕೆ ಒಯ್ಯುತ್ತಿದ್ದರು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಗುಳೆ ಎದ್ದು ಬಂದವರ ಈ ವಂಶದಲ್ಲಿ, ಭಾಷೆ ಮತ್ತು ಇಗರ್ಜಿ ಉಳಿದಿದ್ದವು, ಕಥೆಗಳು ಉಳಿದಿದ್ದವು; ಬೆಟ್ಟ ಮಾತ್ರ ಇರಲಿಲ್ಲ. ಸಾರ್ಯಾನ್ ಬೆಳೆದದ್ದು ಕಣ್ಣು ಹಾಯಿಸಿದಷ್ಟು ದೂರ ಸಪಾಟಾದ, ವಸಂತದಲ್ಲಿ ಹೂ ಮುಚ್ಚಿದ ಹುಲ್ಲುಗಾವಲಿನಲ್ಲಿ.

1901ರಲ್ಲಿ, ಮಾಸ್ಕೋ ಕಲಾಶಾಲೆಯ ವಿದ್ಯಾರ್ಥಿಯಾಗಿದ್ದಾಗ, ಆತ ಮೊದಲ ಬಾರಿಗೆ ಅರ್ಮೇನಿಯಾವನ್ನು ಕಂಡ. ಲೋರಿಯ ಕಣಿವೆಗಳು, ಹಘ್‌ಪಾತ್ ಮತ್ತು ಸನಹಿನ್ ಮಠಗಳು, ಎಚ್‌ಮಿಯಾಜಿನ್, ಯೆರೆವಾನ್, ಸೆವಾನ್ ಸರೋವರ: ಇವೆಲ್ಲವೂ ಇಪ್ಪತ್ತೊಂದರ ಹರೆಯದ ಕಣ್ಣಿಗೆ ಒಮ್ಮೆಲೇ ಬಿದ್ದವು. ಅಲ್ಲಿಯೇ ಹುಟ್ಟಿ ಬೆಳೆದವನಿಗೆ ಬೆಟ್ಟ ಎನ್ನುವುದು ಹಿತ್ತಲಿನ ಗೋಡೆಯಷ್ಟೇ ಸಹಜ. ಕಥೆಯಲ್ಲಿ ಮಾತ್ರ ಕೇಳಿದ್ದ ಬೆಟ್ಟ ಎದುರಿಗೆ ಬಂದು ನಿಂತವನ ಸ್ಥಿತಿಯೇ ಬೇರೆ. ಸಾರ್ಯಾನ್‌ನ ಭೂದೃಶ್ಯಗಳಲ್ಲಿ ಇಳಿವಯಸ್ಸಿನವರೆಗೂ ಉಳಿದುಕೊಂಡ ಆ ಬೆರಗು ತವರನ್ನು ತಡವಾಗಿ ಕಂಡವನ ಬೆರಗು. ಆತನ ಅರ್ಮೇನಿಯಾ ಹುಟ್ಟಿನಿಂದ ಬಂದ ಆಸ್ತಿಯಲ್ಲ. ಹುಡುಕಿ, ಆರಿಸಿ, ಕಟ್ಟಿಕೊಂಡದ್ದು.

ಆತನಿಗಿಂತ ಮೊದಲು ಯಾರೂ ಅರ್ಮೇನಿಯಾವನ್ನು ಚಿತ್ರಿಸಿರಲಿಲ್ಲವೇ?

ಚಿತ್ರಿಸಿದ್ದರು. ಗೆವೊರ್ಗ್ ಬಷಿಂಜಾಘ್ಯಾನ್ (1857–1925) ಅರರಾತ್ ಶಿಖರವನ್ನೂ ಸೆವಾನ್ ಸರೋವರವನ್ನೂ ರಷ್ಯನ್ ವಾಸ್ತವ ಶೈಲಿಯಲ್ಲಿ, ತೆಳುವಾದ ಮಂಜು ಮತ್ತು ಮೃದುವಾದ ಬೆಳಕಿನಲ್ಲಿ ನಿಷ್ಠೆಯಿಂದ ಚಿತ್ರಿಸಿದ. ಸಮುದ್ರದ ಚಿತ್ರಕಾರನೆಂದು ಲೋಕವೆಲ್ಲ ಬಲ್ಲ ಐವಜೋವ್‌ಸ್ಕಿ ಕೂಡ ಕ್ರೈಮಿಯಾದ ಅರ್ಮೇನಿಯನ್ನನೇ, ಅರರಾತನ್ನು ಅವನೂ ಚಿತ್ರಿಸಿದ್ದಾನೆ. ಅವರ ಚಿತ್ರಗಳಲ್ಲಿ ವಿಷಯ ಅರ್ಮೇನಿಯಾದ್ದು, ನೋಡುವ ಬಗೆ ಯೂರೋಪಿನ ಕಲಾಶಾಲೆಗಳದ್ದು. ನೋಡುವ ಬಗೆಯನ್ನೇ ಆ ನೆಲದಿಂದ ಎತ್ತಿಕೊಳ್ಳಬಹುದು ಎಂದು ತೋರಿಸಿದ್ದು ಸಾರ್ಯಾನ್.

ಸಾರ್ಯಾನ್‌ನನ್ನು ನವ್ಯ ಕಲಾವಿದ ಎನ್ನಲು ಕಾರಣವೇನು?

1897ರಿಂದ 1904ರವರೆಗೆ ಆತ ಮಾಸ್ಕೋದ ಚಿತ್ರಕಲೆ, ಶಿಲ್ಪ ಮತ್ತು ವಾಸ್ತುಶಿಲ್ಪ ಶಾಲೆಯಲ್ಲಿ ಕಲಿತ. ವ್ಯಾಲೆಂಟಿನ್ ಸೆರೋವ್ ಮತ್ತು ಕಾನ್ಸ್ತಾಂತಿನ್ ಕೊರೋವಿನ್ ಅವನ ಗುರುಗಳು. ಶಾಲೆ ಬಿಟ್ಟ ಕೂಡಲೇ ಆತ ಕೈಹಾಕಿದ್ದು ಕಥೆ ಮತ್ತು ಕನಸುಗಳ ಒಂದು ಚಿತ್ರಮಾಲೆಗೆ: ನೀಲಿ ಮಬ್ಬಿನಲ್ಲಿ ತೇಲುವ ಜಿಂಕೆಗಳು, ಕಾಲ್ಪನಿಕ ತೊರೆಗಳು, ಹೆಸರಿಲ್ಲದ ಬೆಟ್ಟಗಳು. 1907ರಲ್ಲಿ ಮಾಸ್ಕೋದಲ್ಲಿ ನಡೆದ 'ನೀಲಿ ಗುಲಾಬಿ' ಎಂಬ ಪ್ರದರ್ಶನದಲ್ಲಿ ಸಂಕೇತವಾದಿ ಗೆಳೆಯರೊಂದಿಗೆ ಆತನೂ ಪಾಲ್ಗೊಂಡ. 'ಚಿನ್ನದ ಉಣ್ಣೆ' ಎಂಬ ಪತ್ರಿಕೆ 1908ರಿಂದ ಏರ್ಪಡಿಸಿದ ಪ್ರದರ್ಶನಗಳಲ್ಲಿ ರಷ್ಯಾದ ಯುವಕರ ಚಿತ್ರಗಳ ಪಕ್ಕದಲ್ಲಿಯೇ ಫ್ರಾನ್ಸಿನಲ್ಲಿ ಹೊಸ ಕಲೆ ಕಟ್ಟಿದ ಗೋಗಾಂ, ವಾನ್ ಗಾಗ್, ಮತೀಸ್ ಮೊದಲಾದವರ ಚಿತ್ರಗಳೂ ತೂಗಿದ್ದವು.

1909ರ ಹೊತ್ತಿಗೆ ಮಬ್ಬು ಹರಿಯಿತು. ಆ ವರ್ಷದ 'ಧಗೆ. ಓಡುವ ನಾಯಿ' ಚಿತ್ರದಲ್ಲಿ ಕನಸಿನ ಮುಸುಕಿಲ್ಲ. ಸುಡುವ ಹಳದಿ ಇದೆ, ಅದನ್ನು ಸೀಳುವ ನೀಲಿ ಇದೆ. ತೈಲವರ್ಣವನ್ನು ಬದಿಗಿಟ್ಟು ಆತ ರಟ್ಟಿನ ಮೇಲೆ ಟೆಂಪೆರಾ ಎಂಬ, ನೀರಿನಲ್ಲಿ ಕಲಸುವ ಬಣ್ಣ ಬಳಸತೊಡಗಿದ್ದ. ಟೆಂಪೆರಾ ಬೇಗ ಒಣಗುತ್ತದೆ, ಹೊಳೆಯುವುದಿಲ್ಲ, ಒಂದು ಬಣ್ಣವನ್ನು ಇನ್ನೊಂದರೊಳಗೆ ನವಿರಾಗಿ ಕರಗಿಸಲು ಸುಲಭವಾಗಿ ಬಿಡುವುದಿಲ್ಲ. ಹಾಗಾಗಿ ಪ್ರತಿ ಬಣ್ಣವೂ ತನ್ನ ಅಂಚಿನೊಳಗೆ ಇಡಿಯಾಗಿ ನಿಲ್ಲಬೇಕಾಗುತ್ತದೆ. ನೆರಳನ್ನು ಕಪ್ಪು ಬೆರೆಸಿ ಮಾಡುವ ಹಳೆಯ ಉಪಾಯ ಇಲ್ಲಿ ನಡೆಯುವುದಿಲ್ಲ. ನೆರಳಿಗೂ ತನ್ನದೇ ಬಣ್ಣ ಬೇಕು, ಸಾರ್ಯಾನ್‌ನಲ್ಲಿ ಅದು ಬಹುಮಟ್ಟಿಗೆ ನೀಲಿ.

ಇದು ಮತೀಸನ ಅನುಕರಣೆಯಲ್ಲವೇ?

ಋಣ ಇರುವುದು ನಿಜ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಇಬ್ಬರ ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಮತೀಸನ ಬಣ್ಣ ಒಳಮನೆಯ ಬಣ್ಣವೆಂದೂ, ಅದರಲ್ಲಿ ಕಿಟಕಿಯೂ ಜಮಖಾನೆಯೂ ಬೆಟ್ಟವೂ ಒಂದೇ ಮಟ್ಟದ ಅಲಂಕಾರವಾಗುತ್ತವೆಂದೂ ಕಾಣುತ್ತದೆ. ಸಾರ್ಯಾನ್‌ನ ಬಣ್ಣ ನಡುಹಗಲಿನ ಬಯಲಿನದು. ಎಷ್ಟೇ ಸಪಾಟಾಗಿ ಬಳಿದಿದ್ದರೂ ಅದರಲ್ಲಿ ನೆಲದ ತೂಕ ಮತ್ತು ಬಿಸಿಲಿನ ಹೊತ್ತು ಉಳಿದಿರುತ್ತದೆ.

ಇಸ್ತಾಂಬುಲ್, ಈಜಿಪ್ಟ್, ಇರಾನ್ ಪ್ರವಾಸಗಳಿಗೂ ಅರ್ಮೇನಿಯಾದ ಭೂದೃಶ್ಯಕ್ಕೂ ಏನು ಸಂಬಂಧ?

1910ರಲ್ಲಿ ಇಸ್ತಾಂಬುಲ್‌ಗೆ, 1911ರಲ್ಲಿ ಈಜಿಪ್ಟಿಗೆ, 1913ರಲ್ಲಿ ಇರಾನಿಗೆ ಸಾರ್ಯಾನ್ ಹೋಗಿಬಂದ. ಆ ಕಾಲದ ರಷ್ಯನ್ ಚಿತ್ರಕಾರರು ಕಲಿಯಲು ಪ್ಯಾರಿಸ್‌ಗೆ ಹೋಗುತ್ತಿದ್ದರು. ಈತ ತದ್ವಿರುದ್ಧ ದಿಕ್ಕು ಹಿಡಿದ. 'ಇಸ್ತಾಂಬುಲ್‌ನ ಬೀದಿ. ನಡುಹಗಲು' (1910) ಎಂಬ ಚಿತ್ರದಲ್ಲಿ ಎರಡೂ ಬದಿಯ ಮನೆಗಳು ಕಿತ್ತಳೆ ಮತ್ತು ಕಂದು ಬಣ್ಣದ ಗೋಡೆಗಳಾಗಿ ಒತ್ತಿ ನಿಂತಿವೆ, ನಡುವೆ ಇಕ್ಕಟ್ಟಾದ ಹಾದಿ, ಮೇಲೆ ಆಕಾಶದ ಒಂದು ನೀಲಿ ಸೀಳು, ಜನರೆಂದರೆ ಕೆಲವೇ ಬೊಟ್ಟುಗಳು. 'ಖರ್ಜೂರದ ಮರ. ಈಜಿಪ್ಟ್' (1911) ಚಿತ್ರದಲ್ಲಿ ಮಣ್ಣಿನ ಮನೆಗಳ ನಡುವೆ ಮರವೊಂದು ಆಕಾಶದಲ್ಲಿ ಬಿಚ್ಚಿಕೊಳ್ಳುತ್ತದೆ, ಬದಿಯಲ್ಲಿ ಒಂದು ಒಂಟೆ. ಎರಡೂ ಇಂದು ಮಾಸ್ಕೋದ ಟ್ರೆಟ್ಯಾಕೋವ್ ಗ್ಯಾಲರಿಯಲ್ಲಿವೆ.

ಈ ಚಿತ್ರಗಳಲ್ಲಿ ಜನಾನಾ ಇಲ್ಲ, ಗುಲಾಮರ ಸಂತೆಯಿಲ್ಲ, ಯೂರೋಪಿನವರು ಪೂರ್ವದೇಶಗಳ ಬಗ್ಗೆ ಬಯಸುತ್ತಿದ್ದ ಯಾವ ಒಗ್ಗರಣೆಯೂ ಇಲ್ಲ. ಕವಿ ಮ್ಯಾಕ್ಸಿಮಿಲಿಯನ್ ವೊಲೋಷಿನ್ 1913ರಲ್ಲಿ ಬರೆದ ಲೇಖನದಲ್ಲಿ ಇದನ್ನೇ ಗುರುತಿಸಿದ: ಪೂರ್ವವನ್ನು ವಿಚಿತ್ರವೆಂಬಂತೆ ನೋಡುವ ಚಿತ್ರಕಾರರ ಸಾಲಿಗೆ ಸಾರ್ಯಾನ್ ಸೇರುವುದಿಲ್ಲ, ಆತ ಪೂರ್ವದ ಮಗನೇ ಎಂಬುದು ಅವನ ವಾದದ ತಿರುಳು. ಮಾತು ಬಹುಮಟ್ಟಿಗೆ ಸರಿ, ಪೂರ್ತಿ ಸರಿಯಲ್ಲ. ಮಾಸ್ಕೋದಲ್ಲಿ ಕಲಿತ, ರಷ್ಯನ್ ಭಾಷೆಯಲ್ಲಿ ಕಲಾಪತ್ರಿಕೆಗಳನ್ನು ಓದಿದ ಹುಡುಗ ಕೈರೋದಲ್ಲಿ ಪ್ರವಾಸಿಯೇ. ಆದರೆ ಅಲ್ಲಿನ ಬಿಸಿಲು, ಮಣ್ಣಿನ ಗೋಡೆ, ಹೊರೆ ಹೊತ್ತ ಪ್ರಾಣಿ ಇವು ಆತನಿಗೆ ಅರ್ಮೇನಿಯಾವನ್ನು ಚಿತ್ರಿಸಲು ಬೇಕಾದ ವರ್ಣಮಾಲೆಯನ್ನು ಕೊಟ್ಟವು. 1923ರ ಅರ್ಮೇನಿಯಾದ ಕಿತ್ತಳೆ ಇಸ್ತಾಂಬುಲ್‌ನ ಗೋಡೆಯಿಂದ ಬಂದದ್ದು ಎಂದರೆ ತಪ್ಪಾಗದು. ರಾಷ್ಟ್ರೀಯ ಎಂದು ನಾವು ಕರೆಯುವ ಶೈಲಿಯ ಸಾಮಗ್ರಿ ಗಡಿಯ ಹೊರಗಿನಿಂದ, ಅದರಲ್ಲೂ ನೋವಿನ ಇತಿಹಾಸವಿರುವ ನೆರೆಯ ನಗರದಿಂದ ಬಂತೆಂಬುದನ್ನು ಮರೆಯಬಾರದು.

1915ರ ನರಮೇಧ ಆತನ ಭೂದೃಶ್ಯಗಳಲ್ಲಿ ಏಕೆ ಕಾಣುವುದಿಲ್ಲ?

1915ರಲ್ಲಿ ಒಟ್ಟೋಮನ್ ಸಾಮ್ರಾಜ್ಯದ ಅರ್ಮೇನಿಯನ್ನರ ಸಾಮೂಹಿಕ ಹತ್ಯೆ ಮತ್ತು ಗಡೀಪಾರು ಆರಂಭವಾದಾಗ, ಗಡಿ ದಾಟಿ ತಪ್ಪಿಸಿಕೊಂಡ ನಿರಾಶ್ರಿತರು ಎಚ್‌ಮಿಯಾಜಿನ್‌ನ ಮಠದ ಸುತ್ತ ಬಂದು ಬಿದ್ದರು. ಸಾರ್ಯಾನ್ ಅಲ್ಲಿಗೆ ಹೋಗಿ ಅವರ ನೆರವಿಗೆ ನಿಂತ. ಹಸಿವು ಮತ್ತು ರೋಗದಿಂದ ಜನ ಕಣ್ಣೆದುರೇ ಸಾಯುವುದನ್ನು ಕಂಡು ಆತನ ಮನಸ್ಸು ಕುಸಿಯಿತು. ಚೇತರಿಸಿಕೊಳ್ಳಲು ಇಂದಿನ ಜಾರ್ಜಿಯಾದ ತಿಬಿಲಿಸಿಗೆ ಹೋಗಬೇಕಾಯಿತು. ಅಲ್ಲಿಯೇ 1916ರಲ್ಲಿ, ಲೇಖಕ ಗಜಾರೋಸ್ ಅಘಾಯಾನ್‌ನ ಮಗಳು ಲುಸಿಕ್‌ಳನ್ನು ಮದುವೆಯಾದ, ಅದೇ ವರ್ಷ ಅರ್ಮೇನಿಯನ್ ಕಲಾವಿದರ ಸಂಘ ಕಟ್ಟುವುದರಲ್ಲಿಯೂ ಕೈಜೋಡಿಸಿದ.

ಇಷ್ಟನ್ನು ಕಂಡವನ ಚಿತ್ರಗಳಲ್ಲಿ ಶವಗಳಿಲ್ಲ, ಸುಟ್ಟ ಊರುಗಳಿಲ್ಲ. ಕೆಲವರು ಇದನ್ನು ಪಲಾಯನ ಎನ್ನುತ್ತಾರೆ. ನನಗೆ ಹಾಗೆನಿಸುವುದಿಲ್ಲ, ಆದರೆ ಆ ಅನುಮಾನವನ್ನು ಹಗುರವಾಗಿ ತಳ್ಳಿಹಾಕುವಂತೆಯೂ ಇಲ್ಲ. ಆತ ನೋವಿಗೆ ಉತ್ತರಿಸುತ್ತಿದ್ದ ಬಗೆ ಬೇರೆ. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ, ಯುದ್ಧದಲ್ಲಿ ಹೋರಾಡಿದ ಅರ್ಮೇನಿಯನ್ ಯೋಧರಿಗೆ ಅರ್ಪಿಸಿ ಆತ ಮಾಡಿದ ದೊಡ್ಡ ಚಿತ್ರದಲ್ಲಿ ಸೈನಿಕನೊಬ್ಬನೂ ಇಲ್ಲ. ಇಡೀ ಚಿತ್ರ ಹೂಗಳಿಂದ ತುಂಬಿದೆ. ಸತ್ತವರ ಮುಂದೆ ಹೂವಿಡುವುದನ್ನು ಯಾರೂ ಪಲಾಯನ ಎನ್ನುವುದಿಲ್ಲವಲ್ಲ.

ಭೂದೃಶ್ಯಗಳಿಗೂ ಈ ಮಾತು ಅನ್ವಯಿಸುತ್ತದೆ. ಜನಾಂಗದ ದೊಡ್ಡ ಪಾಲು ಅಳಿದು, ಪೂರ್ವಜರ ನೆಲದ ಬಹುಭಾಗ ಕೈತಪ್ಪಿ, ಉಳಿದ ತುಣುಕಿನಲ್ಲಿ ನಿರಾಶ್ರಿತರು ಕಿಕ್ಕಿರಿದಿದ್ದಾಗ, ಆ ತುಣುಕನ್ನು ಉಳುವ, ಬೆಳೆಯುವ, ಕುಣಿಯುವ ನಾಡಾಗಿ ಚಿತ್ರಿಸುವುದು ಕಂಡದ್ದರ ವರದಿಯಂತೂ ಆಗಿರಲಿಲ್ಲ. ಅದರಲ್ಲಿ ಹಟವಿತ್ತು. ಅದರ ಹೊಳಪಿನ ಕೆಳಗೆ ಏನಿದೆಯೆಂಬುದು ಅಂದಿನ ಯೆರೆವಾನ್‌ನವರಿಗೆ ಹೇಳಿಕೊಡಬೇಕಾಗಿರಲಿಲ್ಲ.

1923ರ 'ಅರ್ಮೇನಿಯಾ' ಮತ್ತು 'ಬೆಟ್ಟಗಳು' ಚಿತ್ರಗಳು ಅಷ್ಟು ಮುಖ್ಯವೇಕೆ? ಅವನ್ನು ಹೇಗೆ ನೋಡಬೇಕು?

ಸಾರ್ಯಾನ್ ಕುಟುಂಬಸಮೇತ ಯೆರೆವಾನ್‌ಗೆ ಬಂದ ಮೇಲೆ ಸುತ್ತಾಡಿದ್ದೇ ಸುತ್ತಾಡಿದ್ದು. 1923 ಮತ್ತು 24ರ ಚಿತ್ರಗಳು ಆ ಅಲೆದಾಟದ ಫಲ. ಈ ಚಿತ್ರಗಳ ಮುಂದೆ ನಿಂತಾಗ ಮೊದಲು ಕೇಳಿಕೊಳ್ಳಬೇಕಾದದ್ದು ಚಿತ್ರಕಾರ ಎಲ್ಲಿ ನಿಂತಿದ್ದಾನೆ ಎಂಬುದನ್ನು. ಉತ್ತರ ಸಿಗುವುದಿಲ್ಲ. ಮುನ್ನೆಲೆಯ ಹೊಲವನ್ನು ಹತ್ತಿರದಿಂದ, ನಡುವಣ ಗುಡ್ಡಗಳನ್ನು ಮೇಲಿನಿಂದ, ಹಿಂದಿನ ಶಿಖರಗಳನ್ನು ಎದುರುಬದಿರು ನಿಂತು ನೋಡಿದಂತಿದೆ. ಒಂದೇ ಕಡೆ ನಿಂತು ಇಷ್ಟನ್ನು ನೋಡಲು ಸಾಧ್ಯವಿಲ್ಲ. ಊರಿಂದ ಊರಿಗೆ ನಡೆದು ಕಂಡದ್ದನ್ನೆಲ್ಲ ನೆನಪಿನಲ್ಲಿ ಒಂದರ ಮೇಲೊಂದು ಪೇರಿಸಿದ ನೋಟ ಅದು. ಹೀಗಾಗಿ ಅದರಲ್ಲಿರುವ ಬೆಟ್ಟ ನಕಾಶೆಯ ಮೇಲೆ ಬೆರಳಿಟ್ಟು ತೋರಿಸುವಂಥ ಬೆಟ್ಟವಾಗಿರದೆ, ಅರ್ಮೇನಿಯಾದ ಬೆಟ್ಟ ಎನ್ನುವುದೇ ಆಗಿರುತ್ತದೆ. ಚಿತ್ರಕ್ಕೆ ನಾಡಿನ ಹೆಸರನ್ನೇ ಇಟ್ಟದ್ದು ಅಹಂಕಾರದಿಂದಲ್ಲ.

ಎರಡನೆಯದಾಗಿ ಅಳತೆಯನ್ನು ಗಮನಿಸಬೇಕು. ಮನುಷ್ಯರು, ಎತ್ತುಗಳು, ಚಪ್ಪಟೆ ಮಾಳಿಗೆಯ ಮನೆಗಳು ಬಹಳ ಚಿಕ್ಕವು, ಆದರೆ ಕಳೆದುಹೋಗಿಲ್ಲ. ಯೂರೋಪಿನ ರಮ್ಯ ಚಿತ್ರಕಾರರಲ್ಲಿ ಪರ್ವತದ ಎದುರು ಮನುಷ್ಯ ನಡುಗುತ್ತಾನೆ. ಇಲ್ಲಿ ಅವನು ಹೊಲ ಉಳುತ್ತಿದ್ದಾನೆ, ಬೆಟ್ಟ ಅವನ ಹಿಂದೆ ಮನೆಯ ಹಿರಿಯನಂತೆ ಕೂತಿದೆ. ಮೂರನೆಯದು ಗಾಳಿ. ದೂರದ ಬೆಟ್ಟ ಮಸುಕಾಗಬೇಕು ಎಂಬ ಕಲಾಶಾಲೆಯ ನಿಯಮ ಇಲ್ಲಿ ಮುರಿದಿದೆ: ಹಿಂದಿನ ನೀಲಿ ಮುಂದಿನ ಹಳದಿಯಷ್ಟೇ ಗಟ್ಟಿ. ಒಣಹವೆಯ ಎತ್ತರದ ನಾಡಿನಲ್ಲಿ ದೂರದ ವಸ್ತುಗಳೂ ಕಡಿದಿಟ್ಟಂತೆ ಸ್ಪಷ್ಟವಾಗಿ ಕಾಣುವುದರಿಂದ ಇದರಲ್ಲಿ ಕಣ್ಣಿನ ಸತ್ಯವೂ ಇದೆ.

ಯೆರೆವಾನ್‌ನಲ್ಲಿ ಆಗತಾನೇ ಆರಂಭವಾಗಿದ್ದ ಸರ್ಕಾರಿ ರಂಗಮಂದಿರದ ಪರದೆಯನ್ನು ಅದೇ 1923ರಲ್ಲಿ ಸಾರ್ಯಾನ್ ರಚಿಸಿದನೆಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. 'ಅರ್ಮೇನಿಯಾ' ಚಿತ್ರದಲ್ಲಿಯೂ ಪರದೆಯ ಗುಣವಿದೆ. ಅದು ಒಬ್ಬರೇ ನಿಂತು ನೋಡುವ ಚಿತ್ರವಲ್ಲ, ಸಭೆಯೊಂದು ಒಟ್ಟಾಗಿ ಕೂತು ತನ್ನನ್ನು ತಾನು ಗುರುತಿಸಿಕೊಳ್ಳುವ ಚಿತ್ರ.

ಆ ಬಣ್ಣಗಳು ನಿಜವೇ?

ಯೆರೆವಾನ್‌ನ ಆಸುಪಾಸಿನ ನೆಲ ಒಣ ನೆಲ. ಅಲ್ಲಿನ ಕಟ್ಟಡಗಳಿಗೆ ಬಳಸುವ ಟಫ್ ಎಂಬ ಜ್ವಾಲಾಮುಖಿ ಕಲ್ಲು ಗುಲಾಬಿ, ಕಿತ್ತಳೆ, ಕಂದು ಬಣ್ಣಗಳಲ್ಲಿ ಸಿಗುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ನೆರಳು ನೀಲಿಗೆ ತಿರುಗುತ್ತದೆ. ಹೀಗಾಗಿ ಬಣ್ಣದ ಬೀಜ ಅಲ್ಲಿಯೇ ಇದೆ, ಸಾರ್ಯಾನ್ ಅದನ್ನು ಬೆಳೆಸಿದ್ದಾನೆ. ಮಧ್ಯಯುಗದ ಅರ್ಮೇನಿಯನ್ ಹಸ್ತಪ್ರತಿಗಳ ಚಿತ್ರಗಳಲ್ಲಿಯೂ, ಹದಿಮೂರನೆಯ ಶತಮಾನದ ತೋರೋಸ್ ರೋಸ್ಲಿನ್‌ನಂಥವರ ಕೆಲಸದಲ್ಲಿ, ಗಟ್ಟಿ ನೀಲಿಯೂ ಕೆಂಪೂ ಬಂಗಾರವೂ ಬೆರೆಯದೆ ಪಕ್ಕಪಕ್ಕ ನಿಲ್ಲುತ್ತವೆ. ಅರರಾತ್ ಬಯಲಿನ ಒಂದು ಬಗೆಯ ಹುಳುವಿನಿಂದ ತೆಗೆಯುತ್ತಿದ್ದ ಕಡುಗೆಂಪು ಅಂದಿನ ಹಸ್ತಪ್ರತಿಗಳಿಗೆ ಪ್ರಸಿದ್ಧವಾದ ಬಣ್ಣ. ಸಾರ್ಯಾನ್ ಅವರಿಂದ ನೇರವಾಗಿ ಕಲಿತನೆಂದು ಸಾಧಿಸಲು ಹೊರಡುವ ವಿಮರ್ಶಕರು ಸ್ವಲ್ಪ ಅವಸರ ಮಾಡುತ್ತಾರೆ; ಮಾಸ್ಕೋ ಮತ್ತು ಪ್ಯಾರಿಸ್ಸಿನ ಹೊಸ ಕಲೆ ಸಪಾಟಾದ ಬಣ್ಣವನ್ನು ಮತ್ತೆ ಮಾನ್ಯ ಮಾಡಿದ್ದರಿಂದಲೇ ಆ ಹಳೆಯ ಪುಟಗಳ ಬೆಲೆಯೂ ಚಿತ್ರಕಾರರ ಕಣ್ಣಿಗೆ ಬಿತ್ತು ಎಂಬುದು ಹೆಚ್ಚು ಸರಿ.

ಅರರಾತ್ ಟರ್ಕಿಯಲ್ಲಿದೆ. ಹಾಗಿದ್ದರೂ ಅದು ಅರ್ಮೇನಿಯಾದ ಚಿತ್ರಗಳಲ್ಲಿ ಮತ್ತೆ ಮತ್ತೆ ಏಕೆ ಬರುತ್ತದೆ?

ಅರ್ಮೇನಿಯನ್ನರು ಮಾಸಿಸ್ ಎಂದು ಕರೆಯುವ 5,137 ಮೀಟರ್ ಎತ್ತರದ ಈ ಶಿಖರ ಯೆರೆವಾನ್‌ನಿಂದ ನಿಚ್ಚಳವಾಗಿ ಕಾಣುತ್ತದೆ. 1921ರ ಮಾಸ್ಕೋ ಮತ್ತು ಕಾರ್ಸ್ ಒಪ್ಪಂದಗಳ ಪ್ರಕಾರ ಅದು ಟರ್ಕಿಗೆ ಸೇರಿತು. ಸಾರ್ಯಾನ್ ಯೆರೆವಾನ್‌ಗೆ ಬಂದು ನೆಲೆಸಿದ್ದೂ ಅದೇ ವರ್ಷ. ಅಂದರೆ ಆತ ಅಲ್ಲಿಂದ ಚಿತ್ರಿಸಿದ ಅರರಾತ್ ಆರಂಭದಿಂದಲೂ ಗಡಿಯಾಚೆಯ ಅರರಾತ್. ಕಿಟಕಿ ತೆರೆದರೆ ಎದುರಿಗೆ ನಿಂತಿರುವ, ಆದರೆ ಕಾಲಿಡಲಾಗದ ಬೆಟ್ಟ.

ಸೋವಿಯತ್ ಅರ್ಮೇನಿಯಾದ ಲಾಂಛನವನ್ನು ರಚಿಸಿದವನೂ ಸಾರ್ಯಾನನೇ. ಕುಡುಗೋಲು, ಸುತ್ತಿಗೆ, ದ್ರಾಕ್ಷಿಗೊಂಚಲು, ಗೋಧಿಯ ತೆನೆಗಳ ಜೊತೆಗೆ ಆತ ಅದರಲ್ಲಿ ಅರರಾತನ್ನು ಕೂರಿಸಿದ. ಬೇರೆ ದೇಶದ ಬೆಟ್ಟವನ್ನು ಲಾಂಛನದಲ್ಲಿ ಹಾಕಿಕೊಳ್ಳುವುದೇ ಎಂದು ಟರ್ಕಿ ಆಕ್ಷೇಪಿಸಿತೆಂದೂ, ನಿಮ್ಮ ಬಾವುಟದ ಚಂದ್ರನೇನು ನಿಮ್ಮ ದೇಶದಲ್ಲಿದ್ದಾನೆಯೇ ಎಂದು ಸೋವಿಯತ್ ವಿದೇಶಾಂಗ ಮಂತ್ರಿ ಕೇಳಿದನೆಂದೂ ಒಂದು ಕಥೆ ಚಾಲ್ತಿಯಲ್ಲಿದೆ. ಅದು ದಾಖಲೆಗಿಂತ ಜನರ ಬಾಯಲ್ಲೇ ಹೆಚ್ಚು ಬೆಳೆದಿರುವ ಕಥೆ. ಬೆಳೆದದ್ದು ಏಕೆ ಎಂಬುದಕ್ಕೆ ವಿವರಣೆ ಬೇಕಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಅರ್ಮೇನಿಯಾದ ಕಡೆಯಿಂದ ನೋಡಿದಾಗ ಚಿಕ್ಕ ಶಿಖರ ಎಡಕ್ಕೂ ದೊಡ್ಡದು ಬಲಕ್ಕೂ ಕಾಣುತ್ತವೆ, ಟರ್ಕಿಯ ಕಡೆಯಿಂದ ಇದು ತಿರುಗುಮುರುಗು. ಬೆಟ್ಟದ ಚಿತ್ರವನ್ನು ನೋಡಿದೊಡನೆ ಅದನ್ನು ಗಡಿಯ ಯಾವ ಬದಿಯಲ್ಲಿ ನಿಂತು ನೋಡಲಾಗಿದೆ ಎಂದು ಹೇಳಿಬಿಡಬಹುದು. ಸಾರ್ಯಾನ್ 1952ರಲ್ಲಿ ಚಿತ್ರಿಸಿದ 'ದ್ವಿನ್‌ನಿಂದ ಅರರಾತ್ ಬಯಲು' ಚಿತ್ರದಲ್ಲಿ ಈ ನಿಲುವಿಗೆ ಇನ್ನೊಂದು ಪದರವೂ ಇದೆ: ದ್ವಿನ್ ಮಧ್ಯಯುಗದಲ್ಲಿ ರಾಜಧಾನಿಯಾಗಿದ್ದು ಇಂದು ಪಾಳುಬಿದ್ದಿರುವ ಸ್ಥಳ. ಪಾಳಿನ ಮೇಲೆ ನಿಂತು, ಹಸಿರು ಬಯಲಿನ ಮೇಲೆ ಕಣ್ಣು ಹಾಯಿಸಿ, ಗಡಿಯಾಚೆಯ ಹಿಮವನ್ನು ನೋಡುವುದು.

ಅಂದಹಾಗೆ, ಗಡಿಯೊಳಗೆ ಇರುವ 4,090 ಮೀಟರ್ ಎತ್ತರದ ಅರಗಾತ್ಸ್ ಪರ್ವತವನ್ನೂ ಸಾರ್ಯಾನ್ ಅನೇಕ ಸಲ ಚಿತ್ರಿಸಿದ್ದಾನೆ. ಅರರಾತ್‌ನ ಗದ್ದಲದಲ್ಲಿ ಅದನ್ನು ಗಮನಿಸುವವರು ಕಡಿಮೆ. ನನಗಂತೂ ಅವೇ ಹೆಚ್ಚು ನಿರಾಳವಾದ ಚಿತ್ರಗಳಾಗಿ ಕಂಡಿವೆ.

ಪ್ಯಾರಿಸ್‌ನಲ್ಲಿ ಚಿತ್ರಿಸಿದ ಕೃತಿಗಳು ಏನಾದವು?

1926ರಲ್ಲಿ ಪ್ಯಾರಿಸ್‌ಗೆ ಹೋದ ಸಾರ್ಯಾನ್, 1928ರ ಆರಂಭದಲ್ಲಿ ಅಲ್ಲಿ ತನ್ನದೇ ಪ್ರದರ್ಶನ ಏರ್ಪಡಿಸಿದ. ಪ್ಯಾರಿಸ್‌ನಲ್ಲಿ ಕುಳಿತು ಆತ ಚಿತ್ರಿಸಿದ್ದರಲ್ಲಿ ಬಹಳಷ್ಟು ಅರ್ಮೇನಿಯಾದ ನೋಟಗಳೇ. ಮರಳಿ ಬರುವಾಗ ಚಿತ್ರಗಳನ್ನು ಹೊತ್ತಿದ್ದ ಹಡಗಿಗೆ ಬೆಂಕಿ ಬಿದ್ದು ಅವುಗಳಲ್ಲಿ ಹೆಚ್ಚಿನವು ಸುಟ್ಟುಹೋದವು.

ಸೋವಿಯತ್ ಸರ್ಕಾರ ಆತನನ್ನು ಬಳಸಿಕೊಂಡಿತೇ, ಅಥವಾ ಆತ ಸರ್ಕಾರವನ್ನು ಬಳಸಿಕೊಂಡನೇ?

ಎರಡೂ ನಡೆದವು, ಮತ್ತು ಯಾವುದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಹೊಸ ಸರ್ಕಾರಕ್ಕೆ ಲಾಂಛನ, ಪರದೆ, ವಸ್ತುಸಂಗ್ರಹಾಲಯ ಎಲ್ಲವೂ ಬೇಕಾಗಿದ್ದವು. ಸಾರ್ಯಾನ್ ಎಲ್ಲಕ್ಕೂ ಕೈಕೊಟ್ಟ. ರಾಷ್ಟ್ರೀಯ ರೂಪ, ಸಮಾಜವಾದಿ ತಿರುಳು ಎಂಬುದು ಅಂದಿನ ಅಧಿಕೃತ ಘೋಷಣೆ. ಹೊರನೋಟಕ್ಕೆ ಸಾರ್ಯಾನ್‌ನ ಬೆಟ್ಟಗಳು ಆ ಸೂತ್ರದ ಮೊದಲರ್ಧವನ್ನು ಚೆನ್ನಾಗಿಯೇ ತುಂಬುತ್ತಿದ್ದವು. ಎರಡನೆಯ ಅರ್ಧವನ್ನು ಬೆಟ್ಟದಲ್ಲಿ ಹುಡುಕುವುದಾದರೂ ಹೇಗೆ? ಒಬ್ಬ ಕವಿಯ ಪದ್ಯವನ್ನು ಹಿಡಿದು ಅವನನ್ನು ಜೈಲಿಗೆ ಹಾಕಬಹುದು. ಸಾರ್ಯಾನ್ 1923ರಲ್ಲಿ ಭಾವಚಿತ್ರ ಬರೆದಿದ್ದ ಕವಿ ಯೆಘಿಷೆ ಚಾರೆಂತ್ಸ್‌ಗೆ ಆದದ್ದು ಅದೇ: 1937ರ ದಮನದಲ್ಲಿ ಬಂಧಿತನಾಗಿ ಅದೇ ವರ್ಷ ಸೆರೆಯಲ್ಲಿ ಸತ್ತ. ಭೂದೃಶ್ಯದ ಮಾತು ಹಾಗೆ ಸಿಕ್ಕಿಬೀಳುವಂಥದ್ದಲ್ಲ.

ಹಾಗೆಂದು ಚಿತ್ರಕಾರ ಸುರಕ್ಷಿತನಾಗಿದ್ದನೆಂದಲ್ಲ. 1940ರ ದಶಕದ ಕೊನೆಯಲ್ಲಿ ಆತನ ಮೇಲೆ ರೂಪವಾದದ ಆರೋಪ ಬಂತು. ಬಣ್ಣಕ್ಕಾಗಿ ಬಣ್ಣ ಬಳಿಯುತ್ತಾನೆ, ಜನಜೀವನ ತೋರಿಸುವುದಿಲ್ಲ ಎಂಬ ಧಾಟಿಯ ಟೀಕೆ. ಅದೇ ವ್ಯವಸ್ಥೆ 1941ರಲ್ಲಿ 'ಅಲ್ಮಾಸ್ತ್' ಎಂಬ ಸಂಗೀತರೂಪಕದ ರಂಗಸಜ್ಜಿಕೆಗಾಗಿ ಸ್ಟಾಲಿನ್ ಪ್ರಶಸ್ತಿಯನ್ನೂ, 1961ರಲ್ಲಿ 'ನನ್ನ ತಾಯ್ನಾಡು' ಭೂದೃಶ್ಯಮಾಲೆಗಾಗಿ ಲೆನಿನ್ ಪ್ರಶಸ್ತಿಯನ್ನೂ ಕೊಟ್ಟಿತು. ಪ್ರಶಸ್ತಿ ಪಡೆದ ಕಾಲದ ಕೆಲವು ಚಿತ್ರಗಳು 1923ರವುಗಳ ಎದುರು ಸೊರಗಿ ಕಾಣುತ್ತವೆ. ವಿವರಗಳು ಹೆಚ್ಚಿವೆ, ಆಕಾಶಕ್ಕೆ ವಾಡಿಕೆಯ ಮೋಡಗಳು ಬಂದಿವೆ, ಬಣ್ಣಗಳು ಒಂದಕ್ಕೊಂದು ರಾಜಿಯಾಗಿವೆ. ಟೀಕೆಯ ಒತ್ತಡವೋ ವಯಸ್ಸಿನ ಸಮಾಧಾನವೋ, ಚಿತ್ರದಲ್ಲಿ ಕಾಣುವ ವ್ಯತ್ಯಾಸವಂತೂ ನಿಜ.

ಇಲ್ಲಿ ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ವಾಸ್ತುಶಿಲ್ಪಿ ಅಲೆಕ್ಸಾಂಡರ್ ತಮಾನ್ಯಾನ್ 1924ರಲ್ಲಿ ರೂಪಿಸಿದ ಯೋಜನೆಯಂತೆ ಯೆರೆವಾನ್‌ನ ಹಳೆಯ ಮಣ್ಣಿನ ಮನೆಗಳು ಉರುಳಿ ಟಫ್ ಕಲ್ಲಿನ ನಗರ ಎದ್ದಿತು. ಸಾರ್ಯಾನ್‌ನ 'ನನ್ನ ಅಂಗಳ' (1923), 'ವಸಂತದಲ್ಲಿ ಯೆರೆವಾನ್‌ನ ಅಂಗಳ' (1928) ಮೊದಲಾದ ಚಿತ್ರಗಳಲ್ಲಿ ಉಳಿದಿರುವುದು ಆ ಉರುಳಿದ ಊರು. ಹೊಸ ನಾಡನ್ನು ಹಾಡಿದವನ ಕೈಯಲ್ಲಿಯೇ ಹಳೆಯದರ ನೆನಪೂ ಉಳಿಯಿತು.

ಹೊರದೇಶಗಳ ಅರ್ಮೇನಿಯನ್ ಕಲಾವಿದರಿಗೂ ಮುಂದಿನ ಪೀಳಿಗೆಗೂ ಆತ ಏನಾಗಿದ್ದ?

ಅಮೆರಿಕದ ಚಿತ್ರಕಾರ ಆರ್ಷೈಲ್ ಗೋರ್ಕಿಯನ್ನು ಪಕ್ಕದಲ್ಲಿಟ್ಟು ನೋಡಬೇಕು. ವಾನ್ ಸರೋವರದ ಬಳಿಯ ಹಳ್ಳಿಯಲ್ಲಿ ಹುಟ್ಟಿ, ನರಮೇಧದಿಂದ ತಪ್ಪಿಸಿಕೊಂಡು, 1919ರಲ್ಲಿ ಯೆರೆವಾನ್‌ನಲ್ಲಿ ತಾಯಿಯನ್ನು ಹಸಿವಿಗೆ ಕಳೆದುಕೊಂಡು ನ್ಯೂಯಾರ್ಕ್ ಸೇರಿದವನು ಆತ. ಅವನ ಚಿತ್ರಗಳಲ್ಲಿ ತಂದೆಯ ತೋಟ ಆಕಾರ ಕಳೆದುಕೊಂಡು ಗೆರೆ ಮತ್ತು ಕಲೆಗಳಾಗಿ ಅಲೆಯುತ್ತದೆ. ಊರು ಕಳೆದುಕೊಂಡವನ ಭೂದೃಶ್ಯ ಅಮೂರ್ತವಾಯಿತು; ಊರಿಲ್ಲದೆ ಬೆಳೆದು ಊರನ್ನು ಗಳಿಸಿಕೊಂಡವನದು ಗಟ್ಟಿ ಬೆಟ್ಟವಾಯಿತು.

ಯೆರೆವಾನ್‌ನಲ್ಲಿಯೇ ಆತನ ನಂತರ ಬಂದ ಮಿನಾಸ್ ಅವೆತಿಸ್ಯಾನ್ (1928–1975) ಜಾಜೂರ್ ಎಂಬ ತನ್ನ ಹಳ್ಳಿಯನ್ನು ಇನ್ನೂ ಕಡು ಕೆಂಪಿನಲ್ಲಿ ಚಿತ್ರಿಸಿದ. ಬಣ್ಣ ಸಾರ್ಯಾನ್‌ನಿಂದ ಬಂದದ್ದು, ಆದರೆ ಹಬ್ಬ ಹೋಗಿ ಸೂತಕ ಬಂದಿದೆ. ಸಾರ್ಯಾನ್ ಹೇಳದೆ ಬಿಟ್ಟದ್ದನ್ನು ಆತನದೇ ಭಾಷೆಯಲ್ಲಿ ಮಿನಾಸ್ ಹೇಳಿದ ಎನ್ನಬಹುದು.

ಕನ್ನಡಿಗರಿಗೆ ಪರಿಚಿತವಾದ ಯಾವುದಾದರೂ ಕೊಂಡಿ ಇದೆಯೇ?

ನೇರವಾದದ್ದಿಲ್ಲ. ಆದರೆ ಬೆಂಗಳೂರಿನ ತಾತಗುಣಿ ಎಸ್ಟೇಟಿನಲ್ಲಿ ನೆಲೆಸಿದ್ದ ಸ್ವೆತೋಸ್ಲಾವ್ ರೋರಿಕ್‌ನ ತಂದೆ ನಿಕೊಲಾಯ್ ರೋರಿಕ್‌ನೂ ಸಾರ್ಯಾನ್‌ನೂ ಒಂದೇ ಕಾಲದ ರಷ್ಯನ್ ಕಲಾವಲಯದವರು. 1912ರಲ್ಲಿ ಲಂಡನ್ನಿನಲ್ಲಿ ನಡೆದ ಎರಡನೆಯ ಪೋಸ್ಟ್-ಇಂಪ್ರೆಷನಿಸ್ಟ್ ಪ್ರದರ್ಶನದ ರಷ್ಯನ್ ವಿಭಾಗದಲ್ಲಿ ಇಬ್ಬರ ಚಿತ್ರಗಳೂ ಇದ್ದವು. ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕರ ಹಿಮಾಲಯವನ್ನು ಕಂಡವರಿಗೆ ಸಪಾಟಾದ ಬಣ್ಣದಲ್ಲಿ ಪರ್ವತ ಕಟ್ಟುವ ಆ ಕಾಲದ ಬಗೆ ಹೊಸದೆನಿಸದು. ರೋರಿಕ್ ಬೆಟ್ಟದಲ್ಲಿ ಋಷಿಯನ್ನು ಹುಡುಕಿದ, ಸಾರ್ಯಾನ್ ರೈತನನ್ನು.

ಮೂಲ ಚಿತ್ರಗಳನ್ನು ಎಲ್ಲಿ ನೋಡಬಹುದು?

ಯೆರೆವಾನ್‌ನಲ್ಲಿ ಆತನ ಹೆಸರನ್ನೇ ಹೊತ್ತ ಬೀದಿಯಲ್ಲಿ, ಆತ ಬದುಕಿದ್ದಾಗಲೇ, 1967ರಲ್ಲಿ ತೆರೆದ ಸಾರ್ಯಾನ್ ಮನೆ-ವಸ್ತುಸಂಗ್ರಹಾಲಯವಿದೆ. ಆತ ಕೆಲಸ ಮಾಡುತ್ತಿದ್ದ ಕೋಣೆಯೂ ಅಲ್ಲಿಯೇ ಇದೆ. ಅದೇ ನಗರದ ರಾಷ್ಟ್ರೀಯ ಗ್ಯಾಲರಿಯಲ್ಲಿ ಇನ್ನೊಂದು ದೊಡ್ಡ ಸಂಗ್ರಹವಿದೆ. ಮಾಸ್ಕೋದಲ್ಲಾದರೆ ಟ್ರೆಟ್ಯಾಕೋವ್ ಗ್ಯಾಲರಿ ಮತ್ತು ಪೌರ್ವಾತ್ಯ ಕಲೆಯ ವಸ್ತುಸಂಗ್ರಹಾಲಯ. ಎಲ್ಲಿ ನೋಡಿದರೂ 1910ರ ಆಸುಪಾಸಿನ ಟೆಂಪೆರಾ ಚಿತ್ರಗಳಿಂದ ಆರಂಭಿಸುವುದು ಒಳ್ಳೆಯದು. ಫೋನಿನ ಪರದೆಯ ಮೇಲೆ ಅವು ಭಿತ್ತಿಪತ್ರದಂತೆ ಹೊಳೆಯುತ್ತವೆ. ಎದುರಿಗೆ ನಿಂತು ನೋಡಿದರೆ ಆ ಬಣ್ಣಕ್ಕೆ ಹೊಳಪೇ ಇಲ್ಲ, ಒಣಗಿದ ಮಣ್ಣಿನ ಗೋಡೆಯಂತೆ ಬೆಳಕನ್ನು ಒಳಗೆ ಎಳೆದುಕೊಳ್ಳುತ್ತದೆ.